ಓಡುವ ಮೊದಲು ಪಂಚಾಂಗ ನೋಡಿ

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ, ವಯಸ್ಸು 38. ಹುಬ್ಬಳ್ಳಿಯಿಂದ ಕಾರವಾರಕ್ಕೆ ವರ್ಗವಾಗಿ ಬಂದು ಕೆಲವು ತಿಂಗಳಾಗಿದೆ. ವಾರಕ್ಕೆ ನಾಲ್ಕು ದಿನ ಐದಾರು ಕಿಲೋಮೀಟರ್ ಓಡುವ ರೂಢಿ ಇದೆ. ಇಲ್ಲಿ ಮೈದಾನದಲ್ಲಿ ಸುತ್ತು ಹೊಡೆದು ಬೇಸರ ಬಂದಿದೆ, ಹೆದ್ದಾರಿಯಲ್ಲಿ ಓಡಲು ಭಯ, ಮರಳಿನಲ್ಲಿ ಓಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡನೇ ಮತ್ತು ನಾಲ್ಕನೇ ಶನಿವಾರ ಗಂಡನ ಊರಾದ ಶಿರಸಿಗೆ ಹೋಗುತ್ತೇವೆ. ಅಲ್ಲಿ ಎತ್ತ ತಿರುಗಿದರೂ ಏರು. ಖುಷಿಯಿಂದ ಓಡಬಹುದಾದ ದಾರಿಗಳನ್ನು ಹುಡುಕಿಕೊಳ್ಳುವುದು ಹೇಗೆ? ಒಬ್ಬಳೇ ಓಡುತ್ತೇನೆ ಎಂಬುದನ್ನೂ ಗಮನದಲ್ಲಿಟ್ಟು ಹೇಳಿ.

ಉತ್ತರ: ಬಯಲುಸೀಮೆಯ ಊರಿನಲ್ಲಿ ಒಮ್ಮೆ ಒಳ್ಳೆಯ ದಾರಿ ಸಿಕ್ಕಿತೆಂದರೆ ಅದು ಹೆಚ್ಚುಕಡಿಮೆ ವರ್ಷವಿಡೀ ಒಳ್ಳೆಯದಾಗಿಯೇ ಇರುತ್ತದೆ. ಕರಾವಳಿಯಲ್ಲಿ ಆ ಭರವಸೆ ಇಲ್ಲ. ಈ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಗಟ್ಟಿಯಾಗಿ, ಅಗಲವಾಗಿ ಬಿದ್ದುಕೊಂಡಿದ್ದ ತೀರ ಮುಂದಿನ ಸೋಮವಾರ ಅದೇ ಹೊತ್ತಿಗೆ ನೀರಿನಡಿ ಇರುತ್ತದೆ. ಜನವರಿಯಲ್ಲಿ ಸ್ವರ್ಗದಂತಿದ್ದ ನದಿದಂಡೆಯ ರಸ್ತೆ ಜುಲೈನಲ್ಲಿ ಹೊಳೆಯೇ ಆಗಿರುತ್ತದೆ. ಹಾಗಾಗಿ ಉತ್ತರ ಕನ್ನಡದಲ್ಲಿ ಓಡುವವರು ‘ಎಲ್ಲಿ’ ಎಂದು ಕೇಳುವ ಮೊದಲು ‘ಯಾವಾಗ’ ಎಂದು ಕೇಳಬೇಕು. ನಿಮ್ಮ ಮೀನಖಂಡದ ನೋವಿಗೂ ಬಹುಪಾಲು ಕಾರಣ ಮರಳಲ್ಲ, ನೀವು ಮರಳಿಗೆ ಇಳಿದ ಹೊತ್ತು ಎಂಬುದು ನನ್ನ ಅಂದಾಜು.

ಮೊದಲು ಕಡಲತೀರದ ಲೆಕ್ಕ. ದಿನಕ್ಕೆ ಎರಡು ಭರತಿ, ಎರಡು ಇಳಿತ. ಪ್ರತಿದಿನ ಇವು ಹಿಂದಿನ ದಿನಕ್ಕಿಂತ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಎರಡೂ ಕಡಿಮೆ. ಇಷ್ಟನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಓಡುವವರ ಪಾಲಿನ ಅದೃಷ್ಟ ಬೇರೆಯೇ ಇದೆ: ನಮ್ಮ ಈ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಭರತಿ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಬರುತ್ತದೆ, ಅಂದರೆ ಇಳಿತ ಬೀಳುವುದು ನಸುಕಿನ ಐದರ ಸುಮಾರಿಗೆ ಮತ್ತು ಸಂಜೆ ಐದರ ಸುಮಾರಿಗೆ. ಪಾಡ್ಯ, ಬಿದಿಗೆ, ತದಿಗೆಗಳಲ್ಲಿ ಅದು ಆರು, ಏಳು, ಏಳೂವರೆಯ ಕಡೆಗೆ ಸರಿಯುತ್ತದೆ. ಸಮುದ್ರ ಅತಿ ಹೆಚ್ಚು ಹಿಂದೆ ಸರಿಯುವ ದಿನಗಳೂ ನಾವು ಓಡಲು ಏಳುವ ಹೊತ್ತೂ ಹೀಗೆ ಕೂಡಿಬರುತ್ತವೆ. ಸಪ್ತಮಿ, ಅಷ್ಟಮಿ, ನವಮಿ, ದಶಮಿಗಳಲ್ಲಿ ಬೆಳಗಿನ ಹೊತ್ತಿಗೆ ನೀರು ಏರಿ ನಿಂತಿರುತ್ತದೆ, ಓಡಲು ಉಳಿಯುವುದು ಮೇಲಿನ ಒಣ, ಸಡಿಲ ಮರಳು ಮಾತ್ರ. ಮೀನಖಂಡ ಹಿಡಿಯುವುದು ಅಲ್ಲೇ. ಹಿಮ್ಮಡಿ ಮರಳಿನೊಳಗೆ ಇಳಿಯುತ್ತದೆ, ಅದನ್ನು ಮೇಲೆತ್ತುವ ಕೆಲಸವೆಲ್ಲ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೂ ಬೀಳುತ್ತದೆ. ಆದ್ದರಿಂದ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ವಾರದ ಓಟವನ್ನು ಗೊತ್ತುಮಾಡಿ. ನಿಖರ ಗಂಟೆ ಬೇಕಾದರೆ ಕಾರವಾರ ಬಂದರಿನ ಭರತಿ-ಇಳಿತದ ಪಟ್ಟಿ ಮೊಬೈಲ್‌ನಲ್ಲೇ ಸಿಗುತ್ತದೆ. ಆದರೂ ತಿಥಿಯ ಲೆಕ್ಕ ತಲೆಯಲ್ಲಿದ್ದರೆ ಎರಡು ವಾರ ಮುಂಚೆಯೇ ಯೋಜನೆ ಹಾಕಬಹುದು.

ಇನ್ನೊಂದು ಲೆಕ್ಕ ಬೆಳಕಿನದು. ಕಾರವಾರದಲ್ಲಿ ಜನವರಿ ಕೊನೆಯಲ್ಲಿ ಸೂರ್ಯ ಹುಟ್ಟುವುದು ಏಳರ ಹೊತ್ತಿಗೆ, ಜೂನ್ ಆರಂಭದಲ್ಲಿ ಆರರ ಹೊತ್ತಿಗೆ. ಒಬ್ಬರೇ ಓಡುವವರು ಚಳಿಗಾಲದ ಹುಣ್ಣಿಮೆಯ ದಿನ ಐದಕ್ಕೆ ತೀರಕ್ಕೆ ಇಳಿಯಬೇಕಾಗಿಲ್ಲ. ಎರಡು ದಿನ ಕಾದು ಬಿದಿಗೆ, ತದಿಗೆಗೆ ಹೋದರೆ ಬೆಳಕೂ ಇರುತ್ತದೆ, ವಾಯುವಿಹಾರಕ್ಕೆ ಬಂದ ಜನರೂ ಇರುತ್ತಾರೆ, ಗಟ್ಟಿ ಮರಳೂ ಇರುತ್ತದೆ. ಊರಿನ ಪೂರ್ವಕ್ಕೆ ಗುಡ್ಡಗಳಿರುವುದರಿಂದ ಬೆಳಿಗ್ಗೆ ಬಿಸಿಲು ತೀರಕ್ಕೆ ತಡವಾಗಿ ಮುಟ್ಟುತ್ತದೆ ಎಂಬುದು ಬೋನಸ್ಸು. ಸಂಜೆ ಇದಕ್ಕೆ ತದ್ವಿರುದ್ಧ, ಬಿಸಿಲು ನೇರ ಮುಖಕ್ಕೇ.

ಟಾಗೋರ್ ಕಡಲತೀರದಿಂದ ಉತ್ತರಕ್ಕೆ ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದ ಕಡೆಗೆ ಓಡುವುದು ಕಾರವಾರದ ಅತ್ಯುತ್ತಮ ದಾರಿ. ಇದನ್ನು ಹೇಳಲು ತಜ್ಞರು ಬೇಕಾಗಿಲ್ಲ. ಆದರೆ ಹೆಚ್ಚಿನವರು ಚಾಪೆಲ್ ಯುದ್ಧನೌಕೆ ಸಂಗ್ರಹಾಲಯದ ಬಳಿ ಮರಳಿಗಿಳಿದು, ಅಲ್ಲೇ ಅತ್ತಿತ್ತ ಓಡಿ, ಪಟ ತೆಗೆದುಕೊಂಡು ವಾಪಸಾಗುತ್ತಾರೆ. ಬೈತಖೋಲದ ಬಂದರಿನ ಮಗ್ಗುಲಿನಿಂದ ನದಿಯ ಬಾಯಿಯವರೆಗಿನ ಇಡೀ ತೀರ ಮೂರು ಕಿಲೋಮೀಟರಿಗೂ ಹೆಚ್ಚು. ಹೋಗಿ ಬಂದರೆ ನಿಮ್ಮ ಐದಾರು ಕಿಲೋಮೀಟರ್ ಅಲ್ಲೇ ಮುಗಿಯಿತು. 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದರು. ಆಗೊಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ನದಿಯ ಬಾಯಿಂದ ಮರಳ ಮೇಲೆ ನಡೆದೇ ಮನೆಗೆ ಬಂದದ್ದನ್ನು ಅವರು ಬರೆದಿದ್ದಾರೆ. ದಾರಿ ಹಳೆಯದು, ಯೋಗ್ಯವಾದದ್ದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಶಿಫಾರಸು ನನ್ನ ಬಳಿ ಇಲ್ಲ.

ಓಡುವ ಮರಳಿನ ಪಟ್ಟಿಯನ್ನು ಆರಿಸಿಕೊಳ್ಳುವುದು ಹೀಗೆ. ಐವತ್ತು ಹೆಜ್ಜೆ ಓಡಿ ನಿಂತು, ತಿರುಗಿ ನಿಮ್ಮದೇ ಹೆಜ್ಜೆ ಗುರುತು ನೋಡಿ. ಶೂವಿನ ಅಡಿಯ ಗೆರೆಗಳು ಅಚ್ಚೊತ್ತಿದ ಹಾಗೆ ಸ್ಪಷ್ಟವಾಗಿ ಮೂಡಿದ್ದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಗುರುತಿನ ಗುಳಿಯಲ್ಲಿ ನೀರು ಒಸರಿದರೆ ಅಲೆಗೆ ತೀರಾ ಹತ್ತಿರವಾಯಿತು, ಎರಡು ಮಾರು ಮೇಲೆ ಬನ್ನಿ. ಅಂಚು ಕುಸಿದು ಮರಳು ಗುಳಿಯೊಳಗೆ ಜಾರುತ್ತಿದ್ದರೆ ತೀರಾ ಮೇಲಾಯಿತು, ಕೆಳಗಿಳಿಯಿರಿ. ಸಣ್ಣ ಏಡಿಗಳು ಮರಳನ್ನು ಸಾಸಿವೆಗಿಂತ ತುಸು ದೊಡ್ಡ ಉಂಡೆ ಮಾಡಿ ಬಿಲದ ಸುತ್ತ ಹರಡಿರುತ್ತವೆ. ಆ ಉಂಡೆಗಳು ಕೆಡದೆ ಉಳಿದಿವೆ ಎಂದರೆ ಅಲೆ ಅಲ್ಲಿಂದ ಹೋಗಿ ಸಾಕಷ್ಟು ಹೊತ್ತಾಗಿದೆ.

ತೀರ ಸಮುದ್ರದ ಕಡೆಗೆ ಇಳಿಜಾರು. ಕೋಡಿಬಾಗದ ಕಡೆ ಹೋಗುವಾಗ ಎಡಗಾಲು ತಗ್ಗಿನಲ್ಲಿ, ಮರಳುವಾಗ ಬಲಗಾಲು. ಹೋದಷ್ಟೇ ದೂರ ಅದೇ ಪಟ್ಟಿಯಲ್ಲಿ ಮರಳಿದರೆ ಎರಡೂ ಕಾಲಿಗೆ ಸಮಪಾಲು. ಒಂದೇ ದಿಕ್ಕಿಗೆ ಓಡಿ ಆಟೋ ಹಿಡಿದು ಮನೆಗೆ ಬರುವವರಿಗೆ ಒಂದು ಮಂಡಿ ಮಾತ್ರ ನೋಯುವುದು ಯಾಕೆಂದು ಇದರಿಂದ ತಿಳಿಯುತ್ತದೆ. ಮೊದಲ ಮೂರು ನಾಲ್ಕು ವಾರ ವಾರಕ್ಕೆ ಒಂದೇ ದಿನ ಮರಳು, ಅದೂ ಶೂ ಹಾಕಿಕೊಂಡೇ. ಬರಿಗಾಲಿನ ಓಟ ಚೆಂದ, ಆದರೆ ಹತ್ತು ನಿಮಿಷದಿಂದ ಶುರುಮಾಡಬೇಕು; ಬಾಟಲಿ ಚೂರು, ಮೀನಿನ ಮುಳ್ಳು, ಕೊಕ್ಕೆ ಇರುವ ಕಡೆ ಬೇಡವೇ ಬೇಡ.

ಸಂಜೆ ಹೋಗುವುದಾದರೆ ಗಾಳಿಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ಫೆಬ್ರುವರಿಯಿಂದ ಮೇವರೆಗೆ ಮಧ್ಯಾಹ್ನದ ನಂತರದ ಕಡಲಗಾಳಿ ಹೆಚ್ಚಾಗಿ ವಾಯವ್ಯದ ಕಡೆಯಿಂದ ಬೀಸುತ್ತದೆ. ಮೈ ತಾಜಾ ಇರುವಾಗ ಉತ್ತರಕ್ಕೆ ಗಾಳಿಗೆದುರಾಗಿ ಓಡಿ, ದಣಿದ ಮೇಲೆ ಬೆನ್ನಿಗೆ ಗಾಳಿ ಹಾಕಿಕೊಂಡು ವಾಪಸು ಬನ್ನಿ.

ತೀರದಲ್ಲಿ ನೀವು ಅತಿಥಿ ಎಂಬುದು ನೆನಪಿರಲಿ. ರಂಪಣಿ ಬಲೆ ಎಳೆಯುವ ದಿನ ಎರಡು ಸಾಲು ಜನ ತೀರಕ್ಕೆ ಅಡ್ಡಲಾಗಿ ಹಗ್ಗ ಹಿಡಿದು ನಿಂತಿರುತ್ತಾರೆ. ಹಗ್ಗ ಮೊಣಕಾಲೆತ್ತರಕ್ಕೆ ಬಿಗಿದು ನಡುಗುತ್ತಿರುತ್ತದೆ. ಜಿಗಿದು ದಾಟುವ ಹುಮ್ಮಸ್ಸು ಬೇಡ, ಮೇಲಿನಿಂದ ಸುತ್ತಿ ನಡೆದು ಹೋಗಿ. ದೋಣಿಗಳ ಲಂಗರಿನ ಹಗ್ಗ ಅರೆಬೆಳಕಿನಲ್ಲಿ ಕಾಣುವುದೇ ಇಲ್ಲ, ಆ ಜಾಗಗಳನ್ನು ಹಗಲಿನಲ್ಲಿ ಒಮ್ಮೆ ನಡೆದು ನೋಡಿಕೊಳ್ಳಿ. ಊರಿನ ನೀರು ಸಮುದ್ರ ಸೇರುವ ನಾಲಾ ಬಂದರೆ ಮರಳಿನಲ್ಲೇ ದಾಟಲು ಹೋಗಬೇಡಿ. ಅಂಚಿನ ಮರಳು ಹುಸಿಯಾಗಿರುತ್ತದೆ, ನೀರೂ ಕೊಳಕು.

ಅಷ್ಟಮಿ, ದಶಮಿಗಳಲ್ಲಿ, ಅಂದರೆ ತೀರ ಕೈಕೊಡುವ ದಿನಗಳಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ. ನಂದನಗದ್ದಾ, ಸುಂಕೇರಿ ದಾಟಿ ಕಡವಾಡದ ಕಡೆ ಹೋಗುವ ರಸ್ತೆ ನನ್ನ ಅಚ್ಚುಮೆಚ್ಚಿನದು. ಸುಂಕೇರಿಯಲ್ಲಿ ನೀರು ದಾಟಿದ ಮೇಲೆ ಗದ್ದೆ, ತೆಂಗು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಾಲು. ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಪ್ರವಾಸಿಗಳ ಕಾರು ಇತ್ತ ಬರುವುದಿಲ್ಲ. ಬೆಳಿಗ್ಗೆ ಸಿಗುವುದು ಮೀನು ಮಾರುವವರ ಬೈಕು, ಶಾಲೆಗೆ ಹೊರಟ ಮಕ್ಕಳು, ಒಂದೆರಡು ಬಸ್. ಇಲ್ಲಿಯೂ ಹೊತ್ತಿನ ಆಟವಿದೆ. ಇಳಿತದಲ್ಲಿ ಹಿನ್ನೀರು ಸರಿದು ಕೆಸರು ತೆರೆದುಕೊಂಡಾಗ ಕೊಕ್ಕರೆಗಳು ಸಾಲಾಗಿ ಇಳಿಯುತ್ತವೆ. ಭರತಿಯಲ್ಲಿ ನೀರು ಕಾಂಡ್ಲಾದ ಬೇರು ಮುಚ್ಚಿ ರಸ್ತೆಯ ಮಗ್ಗುಲಿಗೇ ಬಂದು ನಿಲ್ಲುತ್ತದೆ. ಓಡಲು ಎರಡೂ ಸೊಗಸು. ಮಳೆಗಾಲದಲ್ಲಿ ಮಾತ್ರ ಕಾಳಿ ನದಿಯ ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಇದ್ದರೆ ಇತ್ತ ತಲೆಹಾಕಬೇಡಿ. 2019ರ ಆಗಸ್ಟ್‌ನಲ್ಲಿ ಈ ದಂಡೆಯ ಊರುಗಳು ಮುಳುಗಿದ್ದವು.

ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಓಡಿಕೊಂಡೇ ಹೋಗಬಹುದೇ ಎಂದು ಹಲವರು ಕೇಳುತ್ತಾರೆ. ಬೇಡ. 2024ರ ಆಗಸ್ಟ್ 7ರಂದು ಹಳೆಯ ಸೇತುವೆ ಕುಸಿದ ಮೇಲೆ ವಾಹನಗಳ ಭಾರವೆಲ್ಲ ಒಂದೇ ಸೇತುವೆಗೆ ಬಿದ್ದಿದೆ. ಲಾರಿಗಳ ನಡುವೆ ಓಡುವುದು ಸಾಹಸವೂ ಅಲ್ಲ, ಸುಖವೂ ಅಲ್ಲ. ಬಸ್ಸಿನಲ್ಲಿ ಆಚೆ ದಡಕ್ಕೆ ಹೋಗಿ ಅಲ್ಲಿಂದ ಶುರುಮಾಡಿ. ಸೋದೆಯ ಅರಸರು ಕಟ್ಟಿಸಿದ ಕೋಟೆಯ ಗುಡ್ಡದ ರಸ್ತೆ ಏರಿಳಿತದ ಅಭ್ಯಾಸಕ್ಕೆ ಸಾಕಷ್ಟು ಕಡಿದಾಗಿದೆ, ಮೇಲೆ ನಿಂತರೆ ನದಿಯೂ ಕಡಲೂ ಒಟ್ಟಿಗೆ ಕಾಣುತ್ತವೆ. ಗುಡ್ಡ ಬೇಡವಾದರೆ ದೇವಬಾಗದ ಗಾಳಿಮರಗಳ ಪಕ್ಕದಿಂದ ಮಾಜಾಳಿಯ ಕಡೆಗಿನ ತೀರ. ಟಾಗೋರ್ ತೀರಕ್ಕಿಂತ ಉದ್ದ, ಜನ ಕಡಿಮೆ. ಜನ ಕಡಿಮೆ ಎಂಬ ಕಾರಣಕ್ಕೇ ಅಲ್ಲಿಗೆ ನೀವು ಒಬ್ಬರೇ ಹೋಗುವುದು ಬೇಡ, ಭಾನುವಾರ ಯಾರಾದರೂ ಜೊತೆಗಿದ್ದಾಗ ಹೋಗಿ. ದಕ್ಷಿಣಕ್ಕೆ ಬಿಣಗಾ, ಅರಗಾ ಕಡೆಗೆ ಹೆದ್ದಾರಿ, ಸುರಂಗ, ನೌಕಾನೆಲೆಯ ಗೋಡೆ. ಅತ್ತ ಓಡಲು ಏನೂ ಇಲ್ಲ.

ಈಗ ಶಿರಸಿ. ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರ್ ಎತ್ತರದ ಊರು, ಕಾರವಾರದ ಸೆಕೆ ಅಲ್ಲಿಲ್ಲ. ಅದರ ಬದಲು ಏರು ಇದೆ. ಎತ್ತ ತಿರುಗಿದರೂ ಏರು ಎಂಬುದು ಮಾತ್ರ ಪೂರ್ತಿ ನಿಜವಲ್ಲ. ಶಿರಸಿಯ ಪಶ್ಚಿಮಕ್ಕೆ ಹೋದಷ್ಟೂ ನೆಲ ಘಟ್ಟದ ಕಡೆ ಮುರಿದುಕೊಳ್ಳುತ್ತದೆ, ಪೂರ್ವಕ್ಕೆ ಹೋದಷ್ಟೂ ಸಪಾಟಾಗುತ್ತದೆ. ಕಾಲಿಗೆ ನೆಮ್ಮದಿ ಬೇಕಾದ ದಿನ ಬನವಾಸಿ ರಸ್ತೆ ಹಿಡಿಯಿರಿ. ಇನ್ನೂ ಚೆನ್ನ ಎಂದರೆ ಬನವಾಸಿಗೇ ಹೋಗಿ ಮಧುಕೇಶ್ವರ ದೇವಸ್ಥಾನದ ಬಳಿ ವಾಹನ ನಿಲ್ಲಿಸಿ ವರದಾ ನದಿಯ ಆಸುಪಾಸಿನ ಗದ್ದೆ ರಸ್ತೆಗಳಲ್ಲಿ ಓಡಿ. ಕುಮಟಾ ರಸ್ತೆಯನ್ನು ದೇವಿಮನೆ ಘಟ್ಟದ ಹೆಸರು ಕೇಳಿ ಆಸೆಪಡಬೇಡಿ, ಅದು ಲಾರಿಗಳ ರಾಜ್ಯ. ಊರೊಳಗೇ ಮುಗಿಸಬೇಕಾದ ದಿನಕ್ಕೆ ಕೋಟೆಕೆರೆಯ ಸುತ್ತಮುತ್ತ ಇದ್ದೇ ಇದೆ.

ಆದರೆ ಶಿರಸಿಯ ನಿಜವಾದ ಓಟ ಇರುವುದು ತೋಟದ ದಾರಿಗಳಲ್ಲಿ. ಅಡಿಕೆ ತೋಟ ಯಾವಾಗಲೂ ಕಣಿವೆಯ ತಳದಲ್ಲಿ, ಅದರ ಮೇಲೆ ಮನೆ, ಮನೆಯ ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ರಸ್ತೆ. ಈ ಕ್ರಮ ತಿಳಿದುಕೊಂಡರೆ ನಕ್ಷೆ ಬೇಕಾಗಿಲ್ಲ. ನಿಮ್ಮ ಗಂಡನ ಮನೆ ತೋಟದ ಬಳಿ ಇದ್ದರೆ ಮೊದಲು ಏರು, ಮರಳುವಾಗ ಇಳಿಜಾರು, ಅನುಕೂಲವಾಯಿತು. ಪೇಟೆಯ ಮನೆಯಾದರೆ ಉಲ್ಟಾ, ದಣಿದ ಮೇಲೆ ಏರಬೇಕು. ಆಗ ಹೋಗುವಾಗ ಅರ್ಧ ಕಸುವನ್ನು ಜೇಬಿನಲ್ಲೇ ಇಟ್ಟುಕೊಂಡಿರಿ. ಇಲ್ಲಿ ಕಿಲೋಮೀಟರ್ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿಯಿರಿ: ನಲವತ್ತು ನಿಮಿಷ ಎಂದರೆ ನಲವತ್ತು ನಿಮಿಷ, ದೂರ ಎಷ್ಟಾದರೂ ಆಗಲಿ. ಕಡಿದಾದ ಏರಿನಲ್ಲಿ ಮಾತು ತುಂಡಾಗತೊಡಗಿದರೆ ನಡೆಯಿರಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ; ಉದ್ದ ಹೆಜ್ಜೆ ಹಾಕಿ ಹಿಮ್ಮಡಿಯಲ್ಲಿ ಬ್ರೇಕು ಹಾಕುವವರ ಮಂಡಿ ಸೋಮವಾರದ ಹೊತ್ತಿಗೆ ದೂರು ಕೊಡುತ್ತದೆ.

ದಾರಿಯಲ್ಲಿ ಬೇಲಿಯ ಬಾಗಿಲಾದ ಉಣುಗೋಲು ಸಿಗುತ್ತದೆ, ಕೆಲವೆಡೆ ದಣಪೆ. ಬಿದಿರಿನ ಗಳ ಸರಿಸಿ ದಾಟಿದವರು ತಿರುಗಿ ಅದನ್ನು ಹಾಕಿಯೇ ಮುಂದೆ ಹೋಗಬೇಕು. ಗಡಿಯಾರ ಓಡುತ್ತಿದೆ ಎಂದು ತೆರೆದು ಬಿಟ್ಟುಹೋದರೆ ದನ ತೋಟಕ್ಕೆ ನುಗ್ಗುತ್ತದೆ, ಮರುದಿನದಿಂದ ಆ ದಾರಿ ನಿಮಗೆ ಮುಚ್ಚಿದಂತೆಯೇ. ನಾಯಿಗಳು ಕೂಗುವುದು ಖಂಡಿತ, ಓಟ ನಿಲ್ಲಿಸಿ ನಡೆಯಿರಿ, ಮನೆಯವರು ಹೊರಗೆ ಬಂದು ಹೆಸರು ಹಿಡಿದು ಗದರಿಸುತ್ತಾರೆ. ಆಮೇಲೆ ‘ಯಾರ ಮನೆ?’ ಎಂಬ ಪ್ರಶ್ನೆ ಬರುತ್ತದೆ. ಮಾವನವರ ಹೆಸರು ಹೇಳಿ. ಆ ಊರಿನಲ್ಲಿ ಓಡುತ್ತ ಹೋಗುವ ಸೊಸೆಯನ್ನು ಕಂಡು ಮನೆಯಲ್ಲಿ ಏನೋ ಅವಘಡವಾಯಿತು ಎಂದು ಗಾಬರಿಬಿದ್ದು ಹಿಂದೆಯೇ ಬೈಕಿನಲ್ಲಿ ಬರುವವರೂ ಇದ್ದಾರೆ; ಎರಡನೇ ಸಲಕ್ಕೆ ಅವರೇ ನಿಮ್ಮ ಕಾವಲು. ಒಬ್ಬರೇ ಓಡುವವರಿಗೆ ಮೊಬೈಲ್‌ನ ಯಾವ ತಂತ್ರಾಂಶಕ್ಕಿಂತಲೂ ಇದು ಹೆಚ್ಚಿನ ರಕ್ಷಣೆ ಎಂಬುದು ನನ್ನ ನಂಬಿಕೆ. ಕಾರವಾರದಲ್ಲೂ ಇದೇ ಸೂತ್ರ: ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಮುಖ ಪರಿಚಯವಾಗುವ ತನಕ ಓಡಿ. ಸ್ಟ್ರಾವಾದಂಥ ತಂತ್ರಾಂಶಗಳಲ್ಲಿ ಜನ ಓಡಿದ ದಾರಿಗಳು ಬಣ್ಣದ ಗೆರೆಗಳಾಗಿ ಕಾಣುತ್ತವೆ. ಮಹಾನಗರದಲ್ಲಿ ಅವು ಉಪಯುಕ್ತ. ಇಲ್ಲಿ ಮೊಬೈಲ್ ಕಟ್ಟಿಕೊಂಡು ಓಡುವವರೇ ಬೆರಳೆಣಿಕೆ, ಗೆರೆ ಇರುವುದು ಹೆಚ್ಚಾಗಿ ಹೆದ್ದಾರಿಯ ಮೇಲೆ. ಹಾಲು ಹಾಕುವವರನ್ನು, ಅಂಚೆಯವರನ್ನು ಕೇಳಿ. ಯಾವ ರಸ್ತೆಯ ಟಾರು ಎಲ್ಲಿಗೆ ಮುಗಿಯುತ್ತದೆ, ಯಾವ ತಿರುವಿನಲ್ಲಿ ನಾಯಿ ಕೆಟ್ಟದು ಎಂಬುದು ಅವರಿಗೆ ಬಾಯಿಪಾಠ.

ಸೋಂದಾ ಕಡೆ ಒಂದು ಬೆಳಿಗ್ಗೆಯನ್ನಾದರೂ ಮೀಸಲಿಡಿ. ವಾದಿರಾಜ ಮಠದ ಸುತ್ತಲಿನ ಒಳರಸ್ತೆಗಳಲ್ಲಿ ವಾಹನ ಕಡಿಮೆ, ನೆರಳು ಜಾಸ್ತಿ. ಹತ್ತಿರದ ಮುಂಡಿಗೆಕೆರೆಯಲ್ಲಿ ಮಳೆಗಾಲ ಶುರುವಾಗುತ್ತಿದ್ದಂತೆ ಬೆಳ್ಳಕ್ಕಿಗಳು ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಅಲ್ಲಿ ಮಾತ್ರ ಓಟ ನಿಲ್ಲಿಸಿ, ಸದ್ದು ಮಾಡದೆ ನಡೆಯಿರಿ.

ಘಟ್ಟದ ಮೇಲೆ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ನವೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಶಿರಸಿ, ಸಿದ್ದಾಪುರ, ಹೊನ್ನಾವರ ಭಾಗದಲ್ಲಿ ಇವತ್ತಿಗೂ ಇದೆ, ಹರಡುವುದು ರಕ್ತ ಹೀರುವ ಉಣ್ಣೆ ಹುಳುಗಳಿಂದ. ಈ ತಿಂಗಳುಗಳಲ್ಲಿ ತರಗೆಲೆ ಬಿದ್ದ ಕಾಲುದಾರಿ ಬಿಟ್ಟು ಟಾರು ಅಥವಾ ಮಣ್ಣಿನ ರಸ್ತೆಯ ಮಧ್ಯದಲ್ಲೇ ಓಡಿ, ಉದ್ದ ಕಾಲುಚೀಲ ಹಾಕಿ, ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ದಣಿವಾರಿಸಿಕೊಳ್ಳಲು ಎಲೆಗಳ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ನೇರ ನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿನ ಅಂಚಿನಲ್ಲಿ ಓಡಿ ಬಂದ ಕೆಲ ದಿನಗಳಲ್ಲಿ ಏಕಾಏಕಿ ಜ್ವರ, ಮೈಕೈ ನೋವು ಬಂದರೆ ಕಾರವಾರದ ವೈದ್ಯರಿಗೆ ‘ಶಿರಸಿಗೆ ಹೋಗಿದ್ದೆ’ ಎಂದು ನೀವೇ ಹೇಳಬೇಕು, ಅವರು ಕೇಳಲಿಕ್ಕಿಲ್ಲ. ಇದರ ಮುಂದೆ ಮಳೆಗಾಲದ ಉಂಬಳ (ಜಿಗಣೆ) ಏನೂ ಅಲ್ಲ. ಸುಣ್ಣವೋ ಉಪ್ಪೋ ಮುಟ್ಟಿಸಿದರೆ ಬಿದ್ದುಹೋಗುತ್ತದೆ, ತುಸು ರಕ್ತ ಹೋಗುತ್ತದೆ, ಅಷ್ಟೇ.

ರಜೆಯಲ್ಲಿ ಕರಾವಳಿಗುಂಟ ಹೋಗುವುದಾದರೆ ಗೋಕರ್ಣದ ಕುಡ್ಲೆಯಿಂದ ಓಂ ತೀರಕ್ಕೆ ಗುಡ್ಡದ ಮೇಲಿನ ಕಾಲುದಾರಿ ಇದೆ. ಜಂಬಿಟ್ಟಿಗೆ ಕಲ್ಲು ಮಳೆಗೆ ಜಾರುತ್ತದೆ, ಒಣ ದಿನಗಳಲ್ಲೂ ಅರ್ಧ ನಡಿಗೆಯೇ. ಕುಮಟಾ ಕಡೆ ಅಘನಾಶಿನಿಯ ಉಪ್ಪುನೀರಿನ ಗಜನಿ ಗದ್ದೆಗಳ ನಡುವಿನ ರಸ್ತೆಗಳು ಕಡವಾಡವನ್ನು ಮೆಚ್ಚಿದವರಿಗೆ ಖಂಡಿತ ಹಿಡಿಸುತ್ತವೆ. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಸ್ವಚ್ಛವಾಗಿದೆ, ಆದರೆ ರಜಾದಿನ ಜಾತ್ರೆ. ಬೆಳಿಗ್ಗೆ ಬೇಗ ಹೋದರೆ ಮಾತ್ರ ಓಟ.

ಏಪ್ರಿಲ್, ಮೇ ತಿಂಗಳಲ್ಲಿ ಹುಬ್ಬಳ್ಳಿಯ ವೇಗವನ್ನು ಇಲ್ಲಿ ಹುಡುಕಬೇಡಿ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ, ಮೈ ತಣಿಯುವುದಿಲ್ಲ, ಎದೆಬಡಿತ ಏರುತ್ತದೆ. ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ ಓಡಿದರೆ ಸಾಕು. ಮುಗಿಸಿ ಬಂದು ಉಪ್ಪು, ಬೆಲ್ಲ ಹಾಕಿದ ಕೋಕಂ ಪಾನಕ ಕುಡಿಯಿರಿ, ಬಾಟಲಿಯ ಬಣ್ಣದ ನೀರಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಜೂನ್ ಮೊದಲ ವಾರದಿಂದ ಸೆಪ್ಟೆಂಬರ್‌ವರೆಗೆ ತಿಥಿಯ ಲೆಕ್ಕ ಪೂರ್ತಿ ಬಿಡಿ. ಇಳಿತದಲ್ಲೂ ಅಲೆ ಎಲ್ಲಿಯವರೆಗೆ ನುಗ್ಗುತ್ತದೆ ಎಂದು ಹೇಳಲಾಗದು, ತೀರ ಕೊರೆದು ಕಿರಿದಾಗಿರುತ್ತದೆ. ಗುಡ್ಡ ಕಡಿದು ಮಾಡಿದ ರಸ್ತೆಗಳ ಬುಡದಲ್ಲಿಯೂ ಓಡಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತೆಂದು ಎಲ್ಲರಿಗೂ ಗೊತ್ತು. ಕಾಜುಬಾಗ, ಹಬ್ಬುವಾಡದಂಥ ಬಡಾವಣೆಗಳ ಒಳರಸ್ತೆಗಳಲ್ಲಿ ಮಳೆಯಲ್ಲೇ ಓಡಿ, ಹಣೆಗೆ ಅಂಚಿರುವ ಟೊಪ್ಪಿ ಹಾಕಿಕೊಂಡರೆ ಕಣ್ಣಿಗೆ ನೀರು ಹೊಡೆಯುವುದಿಲ್ಲ. ಗುಡುಗು ಕೇಳಿಸಿದರೆ ಮಾತ್ರ ಅರ್ಧಕ್ಕೇ ಬಿಟ್ಟು ಒಳಗೆ ಬನ್ನಿ. ಶೂ ಎರಡು ಜೊತೆ ಇರಲೇಬೇಕು. ಒದ್ದೆ ಜೊತೆಯೊಳಗೆ ಹಳೆಯ ಪತ್ರಿಕೆ ಗಿಡಿದು ಫ್ಯಾನಿನ ಕೆಳಗಿಡಿ, ಎರಡು ಗಂಟೆಗೊಮ್ಮೆ ಕಾಗದ ಬದಲಿಸಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಮಳೆಗಾಲಕ್ಕೆ ಸ್ವಲ್ಪ ಮೊದಲು, ಮೇ ತಿಂಗಳ ಸುಮಾರಿಗೆ, ತೀರದಲ್ಲಿ ಕಪ್ಪು ಡಾಂಬರಿನ ಉಂಡೆಗಳು ಬಂದು ಬೀಳುವುದುಂಟು. ಅವು ಶೂವಿಗೆ ಅಂಟಿದರೆ ಸೋಪು ಹಾಕಿ ತಿಕ್ಕಿ ಪ್ರಯೋಜನವಿಲ್ಲ. ಹಳೆಯ ಬಟ್ಟೆಗೆ ತೆಂಗಿನೆಣ್ಣೆ ಹಾಕಿ ಉಜ್ಜಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ.